ನಾಳೆ ಬಸುರಿ ಅನ್ನುವ ಇಗ್ಬೊ ಗಾದೆ: ಇದು ಭರವಸೆಯಾ, ಭಯವಾ?

ಒನಿಚಾ_ಹಳಬ

ಹೋದ ವಾರ ನಮ್ಮ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಒಂದು ಚಿತ್ರ ಬಂತು. ಗುಡ್ಡದ ಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ. ಮೇಲೆ ಬಂಗಾರದ ಬಣ್ಣದಲ್ಲಿ ‘ನಾಳೆ ಗರ್ಭಿಣಿ. ಆಫ್ರಿಕಾದ ಗಾದೆ’ ಅಂತ ಬರೆದಿದ್ದಾರೆ. ಕೆಳಗೆ ಹನ್ನೆರಡು ಜನ ಕೈ ಮುಗಿದಿದ್ದಾರೆ.

ನನಗೆ ಸ್ವಲ್ಪ ಸಿಟ್ಟು ಬಂತು. ಆಫ್ರಿಕಾದ ಗಾದೆ ಅನ್ನುವುದು ಏಷ್ಯಾದ ಉಪ್ಪಿನಕಾಯಿ ಅಂದ ಹಾಗೆ. ಇದು ನೈಜೀರಿಯಾದ ಆಗ್ನೇಯ ಮೂಲೆಯ ಇಗ್ಬೊ ಜನರ ಮಾತು. ಅನಂಬ್ರಾ, ಎನುಗು, ಇಮೊ, ಅಬಿಯಾ, ಎಬೊನ್ಯಿ ಅನ್ನುವ ಐದು ರಾಜ್ಯಗಳ ಸೀಮೆ. ಮೂಲದಲ್ಲಿ ‘ಎಚಿ ಡಿ ಇಮೆ’. ಎಚಿ ಅಂದರೆ ನಾಳೆ, ಡಿ ಇಮೆ ಅಂದರೆ ಬಸುರಿ. ಇದಕ್ಕೊಂದು ಬಾಲವೂ ಇದೆ, ‘ಏನು ಹೆರುತ್ತಾಳೋ ಯಾರು ಬಲ್ಲರು’ ಅಂತ. ಚಿತ್ರ ಮಾಡಿದವರು ಆ ಬಾಲ ಕತ್ತರಿಸಿ ಸೂರ್ಯನನ್ನು ಅಂಟಿಸಿದ್ದಾರೆ.

ನಾನು ಏಳು ವರ್ಷ ಒನಿಚಾದಲ್ಲಿದ್ದೆ. ನಕ್ಷೆಯಲ್ಲಿ ಒನಿತ್ಷಾ ಅಂತಿರುತ್ತದೆ. ನೈಜರ್ ನದಿಯ ಪೂರ್ವ ದಂಡೆ, ದೊಡ್ಡ ಸಂತೆಯ ಊರು. ಈ ಗಾದೆಯನ್ನು ಮೊದಲು ಕೇಳಿದ್ದು 2016ರ ಜೂನ್‌ನಲ್ಲಿ. ಸರ್ಕಾರ ಅಲ್ಲಿನ ನಾಣ್ಯ ನೈರಾದ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟ ದಿನ. ಒಂದು ಡಾಲರಿಗೆ 197 ನೈರಾ ಇದ್ದದ್ದು ಒಂದೇ ದಿನಕ್ಕೆ 280 ದಾಟಿತು. ನಮ್ಮ ಪಾಳಿಯ ಮೇಲ್ವಿಚಾರಕರು ರೇಡಿಯೊ ಆರಿಸಿದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ‘ಎಚಿ ಡಿ ಇಮೆ’ ಅಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಹಾಗಾದರೆ ಇದು ಭರವಸೆಯ ಮಾತಾ, ಎಚ್ಚರಿಕೆಯಾ? ಗಾದೆ, ಕವಿತೆ, ಹಳ್ಳಿ ಬದುಕು ಬಲ್ಲವರು ಇಲ್ಲಿ ಜಾಸ್ತಿ ಇದ್ದೀರಿ, ಹೇಳಿ.

ಗಾದೆ_ಗುಂಡಣ್ಣ

ಎರಡೂ ಹೌದು ಅಂತ ನನಗನ್ನಿಸುತ್ತದೆ. ಬಸುರಿ ಅಂದಾಗ ನಮ್ಮ ಹಳಬರೂ ಬಾಯಿಬಿಟ್ಟು ಸಂಭ್ರಮ ಪಡುತ್ತಿರಲಿಲ್ಲ. ಹೆರಿಗೆ ಆಗಿ ತಾಯಿ ಮಗು ಎರಡೂ ಉಳಿದ ಮೇಲೆಯೇ ಸಕ್ಕರೆ ಹಂಚುತ್ತಿದ್ದದ್ದು. ‘ಬಸುರಿ’ ಅನ್ನುವ ಮಾತಲ್ಲೇ ಆಸೆಯೂ ಇದೆ, ಅಂಜಿಕೆಯೂ ಇದೆ. ಪೋಸ್ಟರಿನ ‘ಗರ್ಭಿಣಿ’ಯಲ್ಲಿ ಅಂಜಿಕೆ ಹೋಗಿ ಆಸ್ಪತ್ರೆಯ ಬೋರ್ಡು ಮಾತ್ರ ಉಳಿದಿದೆ!

ಇನ್ನೊಂದಿಷ್ಟು ಗಾದೆ ಕೊಡಿ. ಮೂಲದ ಉಚ್ಚಾರವೂ ಇರಲಿ.

ಒನಿಚಾ_ಹಳಬ

ಮೇಷ್ಟ್ರೇ, ಉಚ್ಚಾರ ಕನ್ನಡದಲ್ಲಿ ಪೂರ್ತಿ ಬರುವುದಿಲ್ಲ. ‘ಗ್ಬ’ ಅನ್ನುವುದು ಒಂದೇ ಸದ್ದು. ತುಟಿ ಮುಚ್ಚಿಕೊಂಡೇ ಗ ಅನ್ನಬೇಕು. ಮೇಲೆ ರಾಗ ಬೇರೆ. ‘ಅಕ್ವಾ’ ಅನ್ನುವ ಒಂದೇ ಪದ ರಾಗ ಬದಲಿಸಿದರೆ ಅಳು, ಬಟ್ಟೆ, ಮೊಟ್ಟೆ, ಮಂಚ ನಾಲ್ಕೂ ಆಗುತ್ತದೆ. ಸಂತೆಯಲ್ಲಿ ಆರು ಮೊಟ್ಟೆ ಕೇಳಲು ಹೋಗಿ ಆರು ಅಳು ಕೇಳಿದವನು ನಾನು.

ನನಗೆ ತುಂಬ ಹಿಡಿಸಿದ್ದು ಇದು:

ಎಗ್ಬೆ ಬೆರೆ, ಉಗೊ ಬೆರೆ. ಹದ್ದೂ ಕೂರಲಿ, ಗರುಡವೂ ಕೂರಲಿ.

‘ಬೆರೆ’ ಅಂದರೆ ಅಲ್ಲಿ ಹಕ್ಕಿ ಕೊಂಬೆಯ ಮೇಲೆ ಕೂರುವುದು. ಕನ್ನಡದ ಕಿವಿಗೆ ಅದು ಬೆರೆಯುವುದು. ಸುಮ್ನೆ ಕಾಕತಾಳೀಯ, ಆದರೆ ಮೊದಲ ಸಲ ಕೇಳಿದಾಗ ನನ್ನ ಮೈ ಜುಂ ಅಂದಿತ್ತು. ಇದರ ಬಾಲ ಗಟ್ಟಿಯಾಗಿದೆ. ‘ಇನ್ನೊಂದಕ್ಕೆ ಕೂರಬೇಡ ಅಂದದ್ದರ ರೆಕ್ಕೆ ಮುರಿಯಲಿ.’ ಈಚೆಗೆ ಕೆಲವರು ಆ ಶಾಪ ಬೇಡ ಅಂತ ಬದಲಿಸಿಕೊಂಡಿದ್ದಾರೆ. ‘ಕೂರಬೇಡ ಅಂದವನು ಎಲ್ಲಿ ಕೂರಬೇಕೆಂದು ತೋರಿಸಲಿ’ ಅನ್ನುತ್ತಾರೆ. ಮದುವೆ ಮನೆಯಲ್ಲಿ ಎರಡೂ ಪಾಠ ಕೇಳಿದ್ದೇನೆ. ಹಳೇ ಪಾಠ ಹೇಳುವವರ ದನಿ ಸ್ವಲ್ಪ ಎತ್ತರ ಇರುತ್ತದೆ.

ಇನ್ನು ‘ಉಕ್ವಾ ಅದರ ಕಾಲ ಬಂದಾಗ ಬೀಳುತ್ತದೆ.’ ಉಕ್ವಾ ಅಲ್ಲಿನ ಕಾಡು ಹಲಸಿನಂಥ ಮರದ ಕಾಯಿ. ಕಾಯಿ ಮರದಿಂದ ದೊಪ್ಪನೆ ಬಿದ್ದು ಕೊಳೆತ ಮೇಲೆ ಬೀಜ ತೊಳೆದು ಬೇಯಿಸುತ್ತಾರೆ. ‘ಬಿಸಿ ಸಾರನ್ನು ಮೆಲ್ಲಮೆಲ್ಲನೆ ನೆಕ್ಕಬೇಕು’ ಅಂತ ಇನ್ನೊಂದು. ‘ಕೇಳುತ್ತಾ ಹೋಗುವವನಿಗೆ ದಾರಿ ತಪ್ಪುವುದಿಲ್ಲ’ ಮತ್ತೊಂದು, ಅದು ನನಗೆ ದಿನಾ ಉಪಯೋಗಕ್ಕೆ ಬಂತು.

ಸುಮ್ನೆ_ಓದುಗ

ಗಾದೆ ಚೆನ್ನಾಗಿವೆ. ಆದರೆ ಈ ತರದ ಚರ್ಚೆ ಯಾವಾಗಲೂ ‘ಅಯ್ಯೋ ಹಳಬರು ಎಷ್ಟು ಪ್ರಕೃತಿ ಪ್ರೇಮಿಗಳು’ ಅನ್ನುವಲ್ಲಿಗೇ ಹೋಗಿ ನಿಲ್ಲುತ್ತದೆ. ಅದಕ್ಕೇ ಮೊದಲೇ ಹೇಳಿಬಿಡ್ತೀನಿ, ನನಗೆ ನಂಬಿಕೆ ಇಲ್ಲ.

ಕಸ_ವಿಂಗಡಣೆ

ನನಗೂ ಇಲ್ಲ. ಬೆಂಗಳೂರಲ್ಲಿ ಒಣ ಕಸ ಸಂಗ್ರಹ ಕೇಂದ್ರದಲ್ಲಿ ಕೆಲಸ ಮಾಡ್ತೀನಿ. ದಿನಾ ಗಾದೆ ಬರೆದ ಚೀಲಗಳೇ ಬರುತ್ತವೆ, ಭೂಮಿ ತಾಯಿ ಉಳಿಸಿ ಅಂತ, ಪ್ಲಾಸ್ಟಿಕ್ ಮೇಲೆ.

ಹಳಬರೇ, ಒಂದು ಪ್ರಶ್ನೆ. ಒನಿಚಾದಲ್ಲಿ ನೀವು ಮಾಡುತ್ತಿದ್ದ ಕೆಲಸ ಏನು?

ಒನಿಚಾ_ಹಳಬ

ಇದನ್ನು ಯಾರಾದರೂ ಕೇಳ್ತಾರೆ ಅಂತ ಗೊತ್ತಿತ್ತು ಅಕ್ಕ.

ಪ್ಲಾಸ್ಟಿಕ್ ಹಾಳೆ ಮಾಡುವ ಕಾರ್ಖಾನೆ. ಅಲ್ಲಿ ಎಲ್ಲ ತೆಳು ಪ್ಲಾಸ್ಟಿಕ್ಕಿಗೂ ‘ನೈಲಾನ್’ ಅನ್ನುತ್ತಾರೆ. ನಮ್ಮ ಸುರುಳಿಗಳು ಹೋಗುತ್ತಿದ್ದದ್ದು ‘ಪ್ಯೂರ್ ವಾಟರ್’ ಮಾಡುವವರ ಹತ್ತಿರ. ಅರ್ಧ ಲೀಟರ್ ನೀರಿನ ಚೌಕ ಪೊಟ್ಟಣ. ಇಪ್ಪತ್ತು ಸೇರಿದರೆ ಒಂದು ಚೀಲ. ಜನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹೀರಿ ಅಲ್ಲೇ ಬಿಸಾಡುತ್ತಾರೆ. ಮಳೆಗಾಲದಲ್ಲಿ ಚರಂಡಿ ಉಕ್ಕಿದರೆ ಮೊದಲು ತೇಲಿ ಬರುವುದು ಅದೇ. ಅದರ ಮೇಲಿನ ನೀಲಿ ಗೆರೆ ನೋಡಿದರೆ ಯಾವ ಯಂತ್ರದ್ದು ಅಂತ ನನಗೆ ಗೊತ್ತಾಗುತ್ತಿತ್ತು.

ಹಾಗಂತ ಬೈಯುವುದೂ ಸುಲಭ ಅಲ್ಲ. ನಲ್ಲಿ ನೀರು ಬಾರದ ಬೀದಿಯಲ್ಲಿ ಬಾಯಾರಿದವನಿಗೆ ಕೈಗೆಟುಕುವ ನೀರು ಅದೊಂದೇ. ಅದಕ್ಕೇ ಕೇಳಿದ್ದು, ನಾಳೆ ಏನು ಹೆರುತ್ತಾಳೆ ಅಂತ. ಆಕೆಗೆ ನಾನೂ ಏನೋ ಒಂದಿಷ್ಟು ತಿನ್ನಿಸಿದ್ದೇನಲ್ಲ.

ಕಸ_ವಿಂಗಡಣೆ

ಸರಿ, ಇದು ನೇರ ಉತ್ತರ. ಮುಂದುವರಿಸಿ.

ಲೇಗೋಸ್_ಕನ್ನಡತಿ

ನಾನು ಇರುವುದು ಲೇಗೋಸ್‌ನಲ್ಲಿ, ಯೊರುಬಾ ಸೀಮೆ. ಆದರೆ ನಮ್ಮ ಕಚೇರಿಯಲ್ಲಿ ಅರ್ಧ ಜನ ಇಗ್ಬೊದವರು. ಡಿಸೆಂಬರ್ ಬಂತೆಂದರೆ ಎಲ್ಲರೂ ಊರಿಗೆ ಓಡುತ್ತಾರೆ. ಒಮ್ಮೆ ನಾನೂ ಎನುಗುವಿಗೆ ಹೋಗಿದ್ದೆ.

ಎನುಗು ಮುಟ್ಟುವ ಮೊದಲು ‘ನೈನ್ತ್ ಮೈಲ್’ ಅಂತ ಒಂದು ನಿಲ್ದಾಣ. ಬಸ್ಸು ನಿಂತರೆ ಕಿಟಕಿಗೆಲ್ಲ ಹೆಂಗಸರು ಮುತ್ತುತ್ತಾರೆ, ‘ಒಕ್ಪಾ ಡಿ ಓಕು! ಒಕ್ಪಾ ಡಿ ಓಕು!’ ಬಿಸಿ ಬಿಸಿ ಒಕ್ಪಾ ಅಂತ. ನೆಲಗಡಲೆಯ ಹಾಗೆ ಮಣ್ಣೊಳಗೆ ಬಿಡುವ ಒಂದು ಕಾಳಿನ ಹಿಟ್ಟು. ಅದಕ್ಕೆ ತಾಳೆಯ ಕೆಂಪೆಣ್ಣೆ, ಖಾರ, ನೀರು ಹಾಕಿ ಕಲಸಿ ಪೊಟ್ಟಣ ಕಟ್ಟಿ ಬೇಯಿಸುವುದು. ನಮ್ಮ ಕಡುಬಿನ ದೂರದ ನೆಂಟ ಅಂದುಕೊಳ್ಳಿ.

ಹಿಂದೆ ಅದನ್ನು ಬಾಳೆ ಎಲೆಯಲ್ಲಿ ಕಟ್ಟುತ್ತಿದ್ದರು. ಈಗ ಹೆಚ್ಚಿನವರದು ನೈಲಾನ್, ಅದೇ ನಿಮ್ಮದು, ಹಳಬರೇ! ಕುದಿಯುವ ನೀರಿಗೆ ಪ್ಲಾಸ್ಟಿಕ್ ಸಮೇತ ಹಾಕುತ್ತಾರೆ. ಒಬ್ಬ ಅಜ್ಜಿ ಮಾತ್ರ ಎಲೆಯದ್ದು ಮಾರುತ್ತಿದ್ದರು. ಬೆಲೆ ಸ್ವಲ್ಪ ಜಾಸ್ತಿ. ಎಲೆ ಬಿಚ್ಚಿದಾಗ ಹಳದಿ ಮುದ್ದೆಯ ಮೇಲೆ ಎಲೆಯ ನರಗಳು ಸಾಲಾಗಿ ಅಚ್ಚೊತ್ತಿದ್ದವು. ಜೊತೆಗೆ ಬಂದಿದ್ದ ಗೆಳತಿ ಹೇಳಿದಳು, ‘ಎಲೆಯದ್ದೇ ರುಚಿ ಅಂತ ಎಲ್ಲರೂ ಅನ್ನುತ್ತಾರೆ. ಆಮೇಲೆ ನೈಲಾನಿಂದೇ ಕೊಳ್ಳುತ್ತಾರೆ.’

ಅಜ್ಜಿಯನ್ನು ಯಾಕೆ ಎಲೆ ಅಂತ ಕೇಳಿಸಿದೆ. ಪರಿಸರ ಗಿರಿಸರ ಏನೂ ಬರಲಿಲ್ಲ. ‘ಹಿತ್ತಲಲ್ಲಿ ಬಾಳೆ ಇದೆ. ನೈಲಾನ್‌ಗೆ ದುಡ್ಡು ಕೊಡಬೇಕು’ ಅಂದರು.

ಸುಮ್ನೆ_ಓದುಗ

ಈ ಅಜ್ಜಿ ಮಾತು ನಂಬಬಹುದು.

ಅಡಿಕೆ_ಮಂಡಿ

ಶಿರಸಿ ಕಡೆಯವನು. ಕೋಲಾ ಕಾಯಿ ಬಗ್ಗೆ ಹೇಳಿ ಮಾರಾಯ್ರೆ. ನಮ್ಮ ಎಲೆ ಅಡಿಕೆ ತರ ಅಂತ ಎಲ್ಲೋ ಕೇಳಿದ್ದೆ.

ಒನಿಚಾ_ಹಳಬ

ಹತ್ತಿರದ್ದೇ. ಅಲ್ಲಿ ‘ಓಜಿ’ ಅನ್ನುತ್ತಾರೆ. ಮನೆಗೆ ಯಾರೇ ಬರಲಿ, ಮೊದಲು ಮರದ ತಟ್ಟೆಯಲ್ಲಿ ಓಜಿ. ತಟ್ಟೆ ಕೈಯಿಂದ ಕೈಗೆ ಹೋಗಿ ಮನೆಯ ಯಜಮಾನನ ಹತ್ತಿರ ವಾಪಸ್ ಬರುತ್ತದೆ. ಹಿರಿಯರು ಪ್ರಾರ್ಥನೆ ಹೇಳಿ ಒಡೆಯುತ್ತಾರೆ. ‘ಓಜಿ ತಂದವನು ಜೀವ ತಂದ’ ಅನ್ನುವ ಗಾದೆ ಆಗ ಬಂದೇ ಬರುತ್ತದೆ. ಆ ಪ್ರಾರ್ಥನೆ ಇಗ್ಬೊದಲ್ಲೇ ಆಗಬೇಕು. ಓಜಿಗೆ ಇಂಗ್ಲಿಷ್ ಕೇಳಿಸುವುದಿಲ್ಲ ಅಂತ ನಂಬಿಕೆ. ಆಕ್ಸ್‌ಫರ್ಡಿನಲ್ಲಿ ಓದಿ ಬಂದವನೂ ಅಲ್ಲಿ ಇಗ್ಬೊ ತಡವರಿಸಿಕೊಂಡು ಹೇಳಬೇಕು.

ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತದೆ. ಎರಡೇ ಹೋಳು ಇರುವುದು ಬೇರೆ, ಅದು ಬಾಯಾಡಿಸಲು ಮಾತ್ರ. ಶಾಸ್ತ್ರಕ್ಕೆ ಬೇಕಾದದ್ದು ಮೂರು, ನಾಲ್ಕು, ಐದು ಹೋಳಾಗುವ ಇಗ್ಬೊ ಓಜಿ. ಒಡೆದ ಮೇಲೆ ಎಲ್ಲರೂ ಕತ್ತು ಚಾಚಿ ಹೋಳು ಎಣಿಸುತ್ತಾರೆ. ನಾಲ್ಕು ಬಂದರೆ ಸಮಾಧಾನ, ಯಾಕೆಂದರೆ ವಾರಕ್ಕೆ ನಾಲ್ಕೇ ದಿನ: ಎಕೆ, ಓರಿಯೆ, ಅಫೊ, ಎನ್ಕ್ವೊ. ನಾಲ್ಕೂ ಸಂತೆಯ ದಿನಗಳು. ಏಳು ವಾರ ಸೇರಿದರೆ ಒಂದು ತಿಂಗಳು, 28 ದಿನ. ನ್ನೇವಿ ಊರಿನ ದೊಡ್ಡ ಸಂತೆಯ ಹೆಸರೇ ಎನ್ಕ್ವೊ ನ್ನೇವಿ, ಅವ್ಕಾದ್ದು ಎಕೆ ಅವ್ಕಾ.

ರುಚಿ ಮಾತ್ರ ಕಹಿ. ಮೊದಲ ಸಲ ಅಗಿದಾಗ ಚೊಗರು ಅಡಿಕೆ ನೆನಪಾಯಿತು. ಆಮೇಲೆ ನೀರು ಕುಡಿದರೆ ನೀರು ಸಿಹಿ.

ತೀರ್ಥಹಳ್ಳಿ_ಮಳೆ

ಹೆಂಗಸರು ಓಜಿ ಒಡೆಯಬಹುದಾ?

ಲೇಗೋಸ್_ಕನ್ನಡತಿ

ಸಂಪ್ರದಾಯದಲ್ಲಿ ಇಲ್ಲ. ನಮ್ಮ ಕಚೇರಿಯ ಹುಡುಗಿಯರು ಈ ವಿಷಯಕ್ಕೆ ಚೆನ್ನಾಗಿ ಜಗಳ ಆಡುತ್ತಾರೆ. ಒಬ್ಬಳು ಅಂದದ್ದು, ‘ಓಜಿಗೆ ಇಂಗ್ಲಿಷ್ ಅರ್ಥವಾಗಲ್ಲ ಸರಿ, ನನ್ನ ಇಗ್ಬೊನೂ ಅರ್ಥವಾಗಲ್ವಾ?’

ಸುಮ್ನೆ_ಓದುಗ

ನಾನು ಹೇಳಿದ್ದು ಇದನ್ನೇ. ಭೂಮಿಯನ್ನು ಅವರು ‘ಆಲಾ’ ಅಂತ ದೇವತೆ ಮಾಡಿದ್ದರು ಅಂತ ಹೊಗಳುತ್ತಾರೆ. ಅದೇ ಆಲಾಳಿಗೆ ಮೈಲಿಗೆ ಅಂತ ಅವಳಿ ಶಿಶುಗಳನ್ನು ಕಾಡಿನಲ್ಲಿ ಬಿಟ್ಟು ಬರುತ್ತಿದ್ದದ್ದೂ ಇತಿಹಾಸವೇ. ಆ ಕಾಡಿಗೆ ‘ಅಜೊ ಓಹಿಯಾ’, ಕೆಟ್ಟ ಕಾಡು ಅಂತ ಹೆಸರು.

ಒನಿಚಾ_ಹಳಬ

ನಿಜ. ಅದನ್ನು ಅಲ್ಲಿನವರೇ ಮುಚ್ಚಿಡುವುದಿಲ್ಲ. ಆದರೆ ಒಂದು ವಿಚಿತ್ರ ನೋಡಿ. ಆ ಕಾಡಿಗೆ ಕೊಡಲಿ ಹಾಕಲು ಯಾರೂ ಹೋಗಲಿಲ್ಲ. ಸುತ್ತಲಿನ ಬಯಲೆಲ್ಲ ಗೆಣಸಿನ ಹೊಲ ಆದಾಗಲೂ ಎಷ್ಟೋ ಕಡೆ ದೊಡ್ಡ ಮರ ಉಳಿದದ್ದು ಅಂಥ ಜಾಗದಲ್ಲೇ. ಉಳಿಸಿದ್ದು ಪ್ರೀತಿ ಅಲ್ಲ, ಹೆದರಿಕೆ.

ಈಗ ಹೆದರಿಕೆ ಹೋಗಿದೆ, ಒಳ್ಳೆಯದೇ ಆಯಿತು. ಮರಗಳಿಗೆ ಮಾತ್ರ ಬೇರೆ ಕಾವಲು ಸಿಕ್ಕಿಲ್ಲ. ಅನಂಬ್ರಾದ ಅಗುಲು, ನಾನ್ಕಾ ಕಡೆ ಹೋದರೆ ಕೆಂಪು ಮಣ್ಣು ಕೊರೆದು ಕೊರಕಲು ಬಿದ್ದಿರುವುದು ಕಾಣುತ್ತದೆ. ಸಣ್ಣ ಕೊರಕಲಲ್ಲ, ಮನೆಗಳನ್ನೇ ನುಂಗಿರುವಂಥದ್ದು. ಮರಳು ಮಿಶ್ರಿತ ಸಡಿಲ ಮಣ್ಣು, ಜೋರು ಮಳೆ, ಹಿಡಿದಿಡಲು ಬೇರಿಲ್ಲ, ರಸ್ತೆಯ ನೀರನ್ನೆಲ್ಲ ಒಂದೇ ಕಡೆ ಬಿಟ್ಟಿರುವುದು. ಅದೇ ಅಗುಲುವಿನ ಕೆರೆಯಲ್ಲಿ ಮೊಸಳೆಗಳಿವೆ. ಅವು ಪವಿತ್ರ ಅಂತ ಯಾರೂ ಮುಟ್ಟುವುದಿಲ್ಲ. ಕೆರೆಯ ಮೊಸಳೆ ಉಳಿದಿದೆ, ದಂಡೆಯ ಮಣ್ಣು ಹೋಗುತ್ತಿದೆ. ಇದಕ್ಕೆ ಯಾವ ಗಾದೆ ಹಾಕಬೇಕೋ ನನಗೆ ತಿಳಿಯದು.

ಗಾದೆ_ಗುಂಡಣ್ಣ

ಹಿರಿಯರು ಇದ್ದೂ ಸುಮ್ಮನಿದ್ದರೆ ಅನ್ನುವ ಅರ್ಥದ್ದು ಅವರಲ್ಲಿ ಇಲ್ಲವೇ?

ಒನಿಚಾ_ಹಳಬ

ಇದೆ ಮೇಷ್ಟ್ರೇ! ಮರೆತೇಬಿಟ್ಟಿದ್ದೆ. ‘ಹಿರಿಯರು ಮನೆಯಲ್ಲಿರುವಾಗ ಕಟ್ಟಿದ ಮೇಕೆ ಹಗ್ಗದಲ್ಲೇ ಈಯಬಾರದು.’

ಇದನ್ನು ಕಣ್ಣಾರೆ ನೋಡಿದ್ದೇನೆ. ಅಲ್ಲಿ ಗೆಣಸು ನೆಟ್ಟ ಕಾಲದಲ್ಲಿ ಮೇಕೆಗಳನ್ನು ಕಟ್ಟಿಹಾಕುತ್ತಾರೆ, ಬೆಳೆ ತಿನ್ನದಿರಲಿ ಅಂತ. ನಾನಿದ್ದ ಮನೆಯ ಹಿಂದೆ ಒಂದು ಕಪ್ಪು ಮೇಕೆ ಈಯಲು ಶುರು ಮಾಡಿತು. ಕೊರಳಲ್ಲಿ ಹಗ್ಗ, ಮರದ ಸುತ್ತ ಸುತ್ತಿಕೊಂಡು ಗಿಡ್ಡ ಆಗಿಬಿಟ್ಟಿದೆ. ಮಲಗಲೂ ಆಗದೆ ನಿಲ್ಲಲೂ ಆಗದೆ ಕೂಗುತ್ತಿತ್ತು. ಮನೆಯ ಅಜ್ಜ ಉಣ್ಣುವ ಕೈಯಲ್ಲೇ ಎದ್ದು ಓಡಿದರು. ಹಗ್ಗ ಕತ್ತರಿಸಲು ಚಾಕು ಹುಡುಕಲಿಲ್ಲ, ಹಲ್ಲು ಹಾಕಿ ಗಂಟು ಬಿಚ್ಚಿದರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ, ನನಗೆ ಆಗ 41. ಅಜ್ಜ ಒಳಗೆ ಬಂದು ನನ್ನತ್ತ ನೋಡಿ ಅದೇ ಗಾದೆ ಹೇಳಿ ಕೈ ತೊಳೆಯಲು ಹೋದರು. ಎರಡು ಮರಿ.

ಕಸ_ವಿಂಗಡಣೆ

ಚರಂಡಿಯಲ್ಲಿ ಪೊಟ್ಟಣ ತೇಲುವಾಗಲೂ ಕಿಟಕಿಯಲ್ಲೇ ನಿಂತಿದ್ದಿರಾ?

ಒನಿಚಾ_ಹಳಬ

ಬಹಳ ದಿನ ಹೌದು. ಕೊನೆಯ ಎರಡು ವರ್ಷ ಯಂತ್ರದ ಅಂಚಿನ ತುಂಡು, ಹಾಳಾದ ಸುರುಳಿ ಎಲ್ಲ ಕರಗಿಸಿ ಕಸದ ಚೀಲ ಮಾಡುವ ವ್ಯವಸ್ಥೆ ಹಾಕಿಸಿದೆ. ಕಾರ್ಖಾನೆಯ ಒಳಗಿನದು ಅಷ್ಟೇ. ಹೊರಗೆ ಹೋದ ಪೊಟ್ಟಣ ವಾಪಸ್ ತರಿಸಲು ಆಗಲಿಲ್ಲ. ಮಣ್ಣು ಹತ್ತಿದ ತೆಳು ಹಾಳೆ ತೊಳೆಯಲು ಖರ್ಚು ಜಾಸ್ತಿ, ಲೆಕ್ಕ ಕೂಡಲಿಲ್ಲ.

ಕಸ_ವಿಂಗಡಣೆ

ಇಲ್ಲೂ ಅದೇ ಲೆಕ್ಕ. ದಪ್ಪ ಪ್ಲಾಸ್ಟಿಕ್ ಆದರೆ ಕೊಳ್ಳುವವರು ಬರ್ತಾರೆ. ಹಾಲಿನ ಕವರ್ ತೊಳೆದು ಒಣಗಿಸಿ ಕೊಟ್ಟರೆ ದುಡ್ಡು. ಮೊಸರು ಅಂಟಿದ್ದು, ಚಿಪ್ಸ್ ಪೊಟ್ಟಣ, ಯಾರಿಗೂ ಬೇಡ. ಗಾದೆ ಬೇಕಿಲ್ಲ ಇದಕ್ಕೆ, ಒಂದು ಲೋಟ ನೀರು ಸಾಕು.

ಅಲ್ಲಿನ ಮನೆಗಳಲ್ಲಿ ವ್ಯರ್ಥ ಮಾಡದೆ ಬಳಸುವುದು ಏನೇನಿದೆ? ಅದನ್ನು ಹೇಳಿ, ದೇವತೆ ಬಿಡಿ.

ಲೇಗೋಸ್_ಕನ್ನಡತಿ

ತಾಳೆ ಮರ ಒಂದೇ ಸಾಕು. ಹಣ್ಣಿನ ತಿರುಳಿಂದ ಕೆಂಪೆಣ್ಣೆ. ಒಳಗಿನ ಬೀಜದಿಂದ ಇನ್ನೊಂದು ಎಣ್ಣೆ. ಮರದಿಂದ ಹೆಂಡ. ಗರಿ ಕಡ್ಡಿಯಿಂದ ಪೊರಕೆ. ಚಿಪ್ಪು ಒಲೆಗೆ. ಆಮೇಲೆ ಉಳಿಯುವುದು ಹಣ್ಣು ಕಿತ್ತ ಬೋಳು ಗೊನೆ. ಅದನ್ನೂ ಬಿಡುವುದಿಲ್ಲ. ಒಣಗಿಸಿ ಸುಟ್ಟು ಬೂದಿ ಮಾಡಿ, ಬೂದಿಗೆ ನೀರು ಹೊಯ್ದು ಸೋಸುತ್ತಾರೆ. ಆ ಕಂದು ನೀರಿಗೆ ‘ಎನ್ಗು’ ಅಂತ ಹೆಸರು. ಎಣ್ಣೆ ಜೊತೆ ಕಾಯಿಸಿದರೆ ಸಾಬೂನು.

ಅದೇ ನೀರು ಅಡುಗೆಗೂ ಬರುತ್ತದೆ. ಗೆಳತಿಯ ಅಮ್ಮ ‘ಅಬಾಚಾ’ ಮಾಡುವಾಗ ನೋಡುತ್ತಾ ಕೂತಿದ್ದೆ. ಮರಗೆಣಸನ್ನು ಬೇಯಿಸಿ, ತೆಳ್ಳಗೆ ಹೆರೆದು, ವಿಷ ಹೋಗಲು ರಾತ್ರಿಯಿಡೀ ನೀರಲ್ಲಿಟ್ಟು, ಬಿಸಿಲಿಗೆ ಒಣಗಿಸಿಟ್ಟಿದ್ದರು. ದೊಡ್ಡ ಬೋಗುಣಿಗೆ ಕೆಂಪೆಣ್ಣೆ ಸುರಿದರು. ಕುಂಕುಮದ ನೀರಿನ ಹಾಗಿತ್ತು. ಮೇಲೆ ಎನ್ಗು ತೊಟ್ಟು ತೊಟ್ಟಾಗಿ ಬಿಟ್ಟು ಸೌಟಿನಲ್ಲಿ ತಿರುವಿದರು. ನೋಡುತ್ತಿದ್ದಂತೆ ಕೆಂಪು ಹೋಗಿ ಅರಿಶಿನ ಬಣ್ಣ ಬಂತು, ತೆಳು ಎಣ್ಣೆ ಮುಲಾಮಿನಷ್ಟು ಮಂದ ಆಯಿತು. ಅದಕ್ಕೆ ಹೆರೆದ ಮರಗೆಣಸು, ಹುಳಿ ಬರಿಸಿದ ‘ಉಗ್ಬಾ’ ಬೀಜ, ಒಣ ಮೀನು, ಸಣ್ಣಗೆ ಹೆಚ್ಚಿದ ಕಹಿ ಸೊಪ್ಪು. ನಾನು ಮೀನು ತೆಗೆದಿಟ್ಟು ತಿಂದೆ, ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ.

ಇನ್ನು ಬಟ್ಟೆ. ಹೊರದೇಶದಿಂದ ಮೂಟೆಗಟ್ಟಲೆ ಬರುವ ಹಳೇ ಬಟ್ಟೆಗೆ ‘ಓಕ್ರಿಕಾ’ ಅಂತಾರೆ. ಪೋರ್ಟ್ ಹಾರ್ಕೋರ್ಟ್ ಹತ್ತಿರದ ಬಂದರಿನ ಊರ ಹೆಸರು ಅದು. ಅಬಾ ಊರಿನ ದರ್ಜಿಗಳ ಕೈಗೆ ಸಿಕ್ಕರೆ ಹಳೇ ಕೋಟು ಎರಡು ಮಕ್ಕಳ ಅಂಗಿ ಆಗುತ್ತದೆ.

ಗಾದೆ_ಗುಂಡಣ್ಣ

‘ಗಾದೆ ಎಂದರೆ ಮಾತನ್ನು ಉಣ್ಣಲು ಬಳಸುವ ತಾಳೆ ಎಣ್ಣೆ’ ಅನ್ನುವುದು ಇವರದ್ದೇ ಅಲ್ಲವೇ? ಚಿನುವಾ ಅಚೆಬೆ 1958ರ ಕಾದಂಬರಿಯಲ್ಲಿ ಬರೆದು ಲೋಕಕ್ಕೆಲ್ಲ ತಿಳಿಯಿತು. ಇಷ್ಟು ದಿನ ನಾನು ಅದನ್ನು ‘ಎಣ್ಣೆ ಹಾಕಿದರೆ ಗಂಟಲಲ್ಲಿ ಸಲೀಸು’ ಅಂತ ಪಾಠ ಮಾಡುತ್ತಿದ್ದೆ. ನಿಮ್ಮ ಬೋಗುಣಿ ಓದಿದ ಮೇಲೆ ಬೇರೆಯೇ ಹೊಳೆಯುತ್ತಿದೆ. ಎಣ್ಣೆ ಒಂದೇ ಹಾಕಿದರೆ ತೇಲುತ್ತದೆ. ಬೂದಿ ನೀರು ಬಿದ್ದರೇ ಕೂಡಿಕೊಳ್ಳುವುದು.

ತೀರ್ಥಹಳ್ಳಿ_ಮಳೆ

ಮೇಷ್ಟ್ರೇ, ನಿವೃತ್ತಿ ಆಗಬಾರದಿತ್ತು ನೀವು.

ನಾನೂ ಒಂದು ಪ್ರಯತ್ನ ಮಾಡಿದೆ. ಬೈಯಬೇಡಿ.

ನಾಳೆ ಬಸುರಿ, ನಾಳೆ ಹಸಿರು,
ನಾಳೆಯ ಒಡಲಲಿ ಹೊಸ ಉಸಿರು.
ಬಾಡಿದ ಬಳ್ಳಿಗೆ ಚಿಗುರಿನ ಕನಸು,
ಕತ್ತಲ ದಾಟಿದೆ ಭೂಮಿಯ ಮನಸು.

ಸುಮ್ನೆ_ಓದುಗ

ಬೈಯಲ್ಲ. ಆದರೆ ಇದು ಹಳಬರ ವಾಟ್ಸ್ಯಾಪ್ ಸೂರ್ಯನೇ, ಪ್ರಾಸ ಹಾಕಿಕೊಂಡು ಬಂದಿದ್ದಾನೆ.

ಲೇಗೋಸ್_ಕನ್ನಡತಿ

ಅಯ್ಯೋ ಪಾಪ, ಅಷ್ಟು ಖಾರ ಬೇಡ.

ಕವಿತೆಗೆ ಉಪಯೋಗ ಆಗಬಹುದು ಅಂತ ಎರಡು ವಿಷಯ ಹೇಳ್ತೀನಿ. ಇಗ್ಬೊದಲ್ಲಿ ಭರವಸೆ ಹೆಚ್ಚಾಗಿ ಇರುವುದು ಹೆಸರುಗಳಲ್ಲಿ. ನಮ್ಮ ಕಚೇರಿಯಲ್ಲಿ ಒಬ್ಬಳು ‘ಎನ್ಕಿರುಕಾ’. ಮುಂದಿರುವುದೇ ದೊಡ್ಡದು ಅಂತ ಅರ್ಥ. ‘ನ್ಡುಬುಯಿಸಿ’ ಅಂದರೆ ಜೀವವೇ ಮೊದಲು. ‘ಓಜೊಯೆಮೆನಾ’ ಅಂತ ಒಬ್ಬರಿದ್ದಾರೆ, ‘ಮತ್ತೊಮ್ಮೆ ಆಗದಿರಲಿ’ ಅಂತ. ಮನೆಯಲ್ಲಿ ದೊಡ್ಡ ಸಾವು ನೋವು ಆದ ಮೇಲೆ ಇಡುವ ಹೆಸರು ಅದು. ಅವರು ಹುಟ್ಟಿದ್ದು 1970ರಲ್ಲಿ, ಇಗ್ಬೊ ಸೀಮೆ ನೈಜೀರಿಯಾದಿಂದ ಬೇರೆ ದೇಶ ಆಗಲು ಹೊರಟ ಬಿಯಾಫ್ರಾ ಯುದ್ಧ ಮುಗಿದ ವರ್ಷ. 1967ರಿಂದ ಎರಡೂವರೆ ವರ್ಷದ ಯುದ್ಧ, ಹಸಿವಿನಿಂದಲೇ ಲಕ್ಷಗಟ್ಟಲೆ ಜನ ಹೋದರು. ಮುಗಿದ ಮೇಲೆ ಬ್ಯಾಂಕಿನಲ್ಲಿ ಎಷ್ಟೇ ಇಟ್ಟಿದ್ದರೂ ಕೈಗೆ ಬಂದದ್ದು 20 ಪೌಂಡ್. ಕವಿ ಕ್ರಿಸ್ಟೊಫರ್ ಒಕಿಗ್ಬೊ ಕೂಡ 1967ರಲ್ಲಿ ನ್ಸುಕ್ಕಾ ಬಳಿಯ ಕಾಳಗದಲ್ಲಿ ಸತ್ತವರು.

ಎರಡನೆಯದು ‘ಎಂಬಾರಿ’. ಒವೆರಿ ಸೀಮೆಯಲ್ಲಿ ಆಲಾಳಿಗೆ ಮಣ್ಣಿನ ಮನೆ ಕಟ್ಟುತ್ತಿದ್ದರು. ಊರಿನಿಂದ ಆರಿಸಿದ ಗಂಡಸರು ಹೆಂಗಸರು ಬೇಲಿಯೊಳಗೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷದ ಮೇಲೂ ಕೂತು ಹತ್ತಾರು ಗೊಂಬೆ ಮಾಡಿ ಬಣ್ಣ ಬಳಿಯುತ್ತಿದ್ದರು. ದೇವತೆ, ಚಿರತೆ, ಹೆರುತ್ತಿರುವ ಹೆಂಗಸು, ಬ್ರಿಟಿಷ್ ಅಧಿಕಾರಿ, ಎಲ್ಲ. ಊರಿಗೆ ತೋರಿಸಿ ಹಬ್ಬ ಮಾಡಿದ ಮೇಲೆ ಅದನ್ನು ಮುಟ್ಟುವಂತಿಲ್ಲ, ರಿಪೇರಿ ಮಾಡುವಂತಿಲ್ಲ. ಮಳೆಗೆ ಬಿಡುವುದು. ಬೇಕಾದಾಗ ಮತ್ತೆ ಹೊಸದು. ಆಮೇಲೆ ಕೆಲವನ್ನು ಸಿಮೆಂಟಿನಲ್ಲಿ ಮಾಡಿದರು, ಉಳಿಯಲಿ ಅಂತ.

ಕಸ_ವಿಂಗಡಣೆ

ಸಿಮೆಂಟಿನದ್ದು ನನಗೆ ಬೇಡ. ಮಣ್ಣಿನದ್ದಕ್ಕೆ ನನ್ನ ಓಟು. ಮಾಡಿದ್ದನ್ನೆಲ್ಲ ಉಳಿಸಲೇಬೇಕು ಅಂತ ಹೊರಟಿದ್ದಕ್ಕೇ ನನ್ನ ಗೋದಾಮು ತುಂಬಿರೋದು.

ಒನಿಚಾ_ಹಳಬ

ಇಬ್ಬರಿಗೂ ಇಷ್ಟ ಆಗುವವರು ಒಬ್ಬರಿದ್ದಾರೆ. ಎಲ್ ಅನಾಟ್ಸುಯಿ. ಹುಟ್ಟಿದ್ದು ಘಾನಾದಲ್ಲಿ, ಇಗ್ಬೊದವರಲ್ಲ. ಆದರೆ 1975ರಿಂದ ಇದ್ದದ್ದು, ಕಲಿಸಿದ್ದು ನ್ಸುಕ್ಕಾದ ವಿಶ್ವವಿದ್ಯಾಲಯದಲ್ಲಿ. ಸಾರಾಯಿ ಬಾಟಲಿಯ ಮುಚ್ಚಳಗಳನ್ನು ಚಪ್ಪಟೆ ಮಾಡಿ, ಮಡಚಿ, ತಾಮ್ರದ ತಂತಿಯಲ್ಲಿ ಹೊಲಿದು ಗೋಡೆ ತುಂಬುವ ಬಟ್ಟೆಗಳ ಹಾಗೆ ಮಾಡುತ್ತಾರೆ. ದೂರದಿಂದ ಜರಿ ಸೀರೆ, ಹತ್ತಿರ ಹೋದರೆ ರಮ್ಮಿನ ಹೆಸರು.

ತೀರ್ಥಹಳ್ಳಿ_ಮಳೆ

ಎರಡು ದಿನ ಬಿಟ್ಟು ಬಂದೆ. ಸುಮ್ನೆ_ಓದುಗ ಅವರ ಮೇಲೆ ಒಂದು ದಿನ ಸಿಟ್ಟಿತ್ತು, ಈಗಿಲ್ಲ. ಹಳಬರ ಮೇಲ್ವಿಚಾರಕರು ಟೋಪಿ ತೊಡೆಯ ಮೇಲಿಟ್ಟುಕೊಂಡದ್ದು, ಅಜ್ಜ ಹಲ್ಲಲ್ಲಿ ಗಂಟು ಬಿಚ್ಚಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು. ನಮ್ಮನೆಯಲ್ಲಿ ಹೆರಿಗೆ ಆಗುವಾಗ ಅಜ್ಜಿ ಏನು ಮಾಡುತ್ತಿದ್ದಳು ಅಂತ ಯೋಚನೆ ಮಾಡಿದೆ. ಹಸುಳೆಗೆ ಹೊಸ ಬಟ್ಟೆ ಹಾಕುತ್ತಿರಲಿಲ್ಲ, ಮೆತ್ತಗಿರಲಿ ಅಂತ ಹಳೇ ಸೀರೆಯೇ. ಹೊಸದು ಇದು:

ನಾಳೆ ಬಸುರಿ ಅಂತ ಹೇಳಿ
ಅಜ್ಜಿ ಸುಮ್ಮನೆ ಕೂರಲಿಲ್ಲ.
ಒಲೆಗೆ ಎರಡು ಸೌದೆ ಇಟ್ಟಳು.
ಹಳೇ ಸೀರೆ ಹರಿದು, ಒಗೆದು,
ಬಿಸಿಲು ಕುಡಿಸಿ
ನಾಲ್ಕು ಮಡಿಕೆ ಮಾಡಿಟ್ಟಳು.
ಗಂಡೋ ಹೆಣ್ಣೋ, ಉಳಿಯುವುದೋ
ಯಾರೂ ಬಾಯಿ ಬಿಡಲಿಲ್ಲ.
ನೀರು ಕಾಯುತ್ತಿತ್ತು.

ಸುಮ್ನೆ_ಓದುಗ

ಹೂಂ. ಇದು ಸರಿ. ‘ಬಿಸಿಲು ಕುಡಿಸಿ’ ಮಾತ್ರ ಸ್ವಲ್ಪ ಕವಿತೆ ಅನಿಸಿತು. ಇರಲಿ ಬಿಡಿ.

ಗಾದೆ_ಗುಂಡಣ್ಣ

ಕವಿತೆಯಲ್ಲಿ ಅಷ್ಟಾದರೂ ಕವಿತೆ ಬೇಡವೇ ಮಾರಾಯರೇ!

ಅಡಿಕೆ_ಮಂಡಿ

ನನ್ನ ಹೆಂಡತಿಗೆ ಓದಿ ಹೇಳಿದೆ. ಸೀರೆ ಯಾವ ಬಣ್ಣ ಅಂತ ಕೇಳಿದಳು.

ತೀರ್ಥಹಳ್ಳಿ_ಮಳೆ

ಕಂದು ಅಂಚಿನ ಬಿಳಿ. ನಿಜವಾಗಲೂ.

ಒನಿಚಾ_ಹಳಬ

ನನ್ನ ಹಳೇ ಮೇಲ್ವಿಚಾರಕರಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳಿ ಕಳಿಸಿದ್ದೇನೆ. ಅವರು ಈಗ ಊರಲ್ಲೇ ಇದ್ದಾರೆ. ಅಲ್ಲಿ ಈಗ ಒಣಗಾಳಿಯ ಕಾಲ, ಸಹಾರಾದ ದೂಳು ಬರುತ್ತದೆ. ಅದಕ್ಕೆ ಅವರ ಭಾಷೆಯಲ್ಲಿ ‘ಉಗುರು’ ಅನ್ನುತ್ತಾರೆ. ನಿಜವಾಗಲೂ ಉಗುರಿನಿಂದ ಪರಚಿದ ಹಾಗೇ ಇರುತ್ತದೆ, ತುಟಿ ಒಡೆಯುತ್ತದೆ. ನೆಟ್‌ವರ್ಕ್ ಬಂದಾಗ ಉತ್ತರ ಬರಬಹುದು.

ಲೇಗೋಸ್_ಕನ್ನಡತಿ

ನಾನೂ ಮಧ್ಯಾಹ್ನ ಊಟದ ಹೊತ್ತಿಗೆ ಎನ್ಕಿರುಕಾಗೆ ಹೇಳಿದೆ. ಅವಳು ಫೋರ್ಕು ಕೆಳಗಿಟ್ಟು ಕೇಳಿದಳು. ಅವರಲ್ಲಿ ‘ಒಮುಗ್ವೊ’ ಅಂತ ಪದ್ಧತಿ ಇದೆ. ಹೆರಿಗೆ ಆದ ಮೇಲೆ ತಾಯಿಯ ತಾಯಿ ಬಂದು ವಾರಗಟ್ಟಲೆ ಇದ್ದು ನೋಡಿಕೊಳ್ಳುವುದು. ನಮ್ಮ ಬಾಣಂತನವೇ, ಅಜ್ಜಿ ಮಾತ್ರ ಗಂಟು ಮೂಟೆ ಕಟ್ಟಿಕೊಂಡು ಮಗಳ ಮನೆಗೇ ಬರುತ್ತಾಳೆ. ಬಿಸಿನೀರಿನ ಬಟ್ಟೆಯಿಂದ ಹೊಟ್ಟೆ ಒತ್ತುವುದು, ಖಾರದ ಸಾರು ಕುಡಿಸುವುದು ಎಲ್ಲ ಇದೆ. ಆ ಸಾರಿನ ಹೆಸರು ‘ಜಿ ಮ್ಮಿರಿ ಓಕು’, ಅಂದರೆ ಗೆಣಸು, ನೀರು, ಬಿಸಿ. ನಮ್ಮ ಹೆಗ್ಗೆಣಸಿನ ಸಂಬಂಧಿ ಗೆಣಸನ್ನು ಹೋಳು ಮಾಡಿ, ಒಣ ಮೀನು, ಮೆಣಸು, ‘ಉಡಾ’ ಅನ್ನುವ ಕಾಯಿ ಜಜ್ಜಿ ಹಾಕಿ ತೆಳ್ಳಗೆ ಬೇಯಿಸುವುದು.

ಕವಿತೆ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು. ಆ ಕೊನೆಯ ಸಾಲಿನ ನೀರು ಮಗುವಿನ ಸ್ನಾನಕ್ಕಾ, ಗೆಣಸಿಗಾ?

ತೀರ್ಥಹಳ್ಳಿ_ಮಳೆ

ಸ್ನಾನಕ್ಕೆ ಅಂತಲೇ ಬರೆದಿದ್ದೆ. ಹಂಡೆ ದೊಡ್ಡದಿದೆ, ಎರಡು ಚೊಂಬು ಗೆಣಸಿಗೂ ತಗೊಳ್ಳಲಿ ಅಂತ ಹೇಳಿ.